ಹಂಪಿಯಲ್ಲಿ ಕೂತು ನೋಡುವವರು, ಓಡಿ ನೋಡುವವರು

ಹಂಪಿಗೆ ಮನೆಯವರ ಜೊತೆ ಹೋದರೆ ನೀವು ಒಂದೇ ಕಡೆ ಕೂತು ಸ್ಕೆಚ್ ಮಾಡ್ತೀರಿ, ಅವರಿಗೆ ಎಲ್ಲ ಜಾಗ ನೋಡಿ ಮುಗಿಸಬೇಕು, ಭಾವ ಹಂಗಿಸ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಭಾವ ‘ಅಷ್ಟು ದೂರ ಬಂದು ಒಂದೇ ಕಡೆ ಕೂರೋದಾ?’ ಅಂತ ಹಂಗಿಸೋದಕ್ಕೆ ಕಾರಣ ನಿಮ್ಮ ಸ್ಕೆಚ್ ಬುಕ್ ಅಲ್ಲ, ಬಹುಶಃ ಟಿಕೆಟ್ಟು. ವಿಜಯ ವಿಠ್ಠಲ ಗುಡಿ, ಕಮಲ ಮಹಲ್ ಇರುವ ಜನಾನಾ ಆವರಣ, ಕಮಲಾಪುರದ ಮ್ಯೂಸಿಯಂ ಮೂರಕ್ಕೂ ಒಂದೇ ಟಿಕೆಟ್, ಅದೂ ಆ ದಿನಕ್ಕೆ ಮಾತ್ರ. ನೀವು ವಿಠ್ಠಲ ಗುಡಿಯ ಕಲ್ಲಿನ ರಥದ ಮುಂದೆಯೇ ಮಧ್ಯಾಹ್ನ ಮಾಡಿದರೆ ಉಳಿದವರಿಗೆ ಎರಡು ಜಾಗ ತಪ್ಪುತ್ತೆ.

ಹಾಗಾಗಿ ಟಿಕೆಟ್ ಇರುವ ಜಾಗಗಳನ್ನೆಲ್ಲ ಮೊದಲ ದಿನಕ್ಕೆ ಹಾಕಿ, ಅವತ್ತು ಅವರ ವೇಗಕ್ಕೇ ನಡೆಯಿರಿ. ಎರಡನೇ ದಿನ ಬೆಳಿಗ್ಗೆ 7ರಿಂದ ಹೇಮಕೂಟ ಬೆಟ್ಟ ನಿಮ್ಮದು. ಟಿಕೆಟ್ ಇಲ್ಲ, ವಿರೂಪಾಕ್ಷ ಗುಡಿಯ ಪಕ್ಕದಲ್ಲೇ ಇದೆ. ಬಂಡೆ ಕಾದ ಮೇಲೆ ಕೂರೋಕಾಗಲ್ಲ, ತಡ ಮಾಡಬೇಡಿ. ಅವರು ಗಾಡಿ ತಗೊಂಡು ಆನೆಗೊಂದಿ, ಅಂಜನಾದ್ರಿ ಕಡೆ ಹೋಗಲಿ. ಅಂಜನಾದ್ರಿ ಬೆಟ್ಟಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು, ಬೇಗ ಮುಗಿಯಲ್ಲ.

ಫ್ಯಾಮಿಲಿ ಗ್ರೂಪಲ್ಲಿ ವಾದ ಬೇಡ. ‘ಭಾವ, ಹನ್ನೆರಡೂವರೆಗೆ ವಿರೂಪಾಕ್ಷ ಗೋಪುರದ ಮುಂದೆ ಸಿಗ್ತೀನಿ, ನೀವು ಸುತ್ತಾಡಿ ಬನ್ನಿ’ ಅಂತ ಹಿಂದಿನ ರಾತ್ರಿಯೇ ಹಾಕಿ. ‘ಮುಗಿದ ಮೇಲೆ ಫೋನ್ ಮಾಡ್ತೀನಿ’ ಅಂದಿರೋ, ಮತ್ತೆ ಅದೇ ಜಗಳ. ನೀವೂ ಅವರದನ್ನು ‘ಸೆಲ್ಫಿ ಟೂರ್’ ಅನ್ನಬೇಡಿ. ಇಷ್ಟಾದರೂ ಹಂಗಿಸಿದರೆ ಸಿಟ್ಟು ಬೇರೆ ವಿಷಯಕ್ಕಿರಬಹುದು, ಅಕ್ಕನ ಹತ್ತಿರ ಕೇಳಿ ನೋಡಿ.