ಇಪ್ಪತ್ತೆರಡು ಗೋಲುಗಳಲ್ಲಿ ನಾನು ಮೆಚ್ಚಿದ ಒಂದು

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ಕಳೆದ ಜನವರಿಗೆ ಹದಿನಾಲ್ಕು ತುಂಬಿತು. ಶಾಲೆಯ ಫುಟ್‌ಬಾಲ್ ತಂಡದಲ್ಲಿ ಸ್ಟ್ರೈಕರ್ (ಗೋಲು ಹೊಡೆಯುವ ಮುಂಚೂಣಿ ಆಟಗಾರ) ಆಗಿ ಈ ವರ್ಷ 14 ಪಂದ್ಯಗಳಲ್ಲಿ 22 ಗೋಲು ಹೊಡೆದಿದ್ದಾನೆ. ಹುಬ್ಬಳ್ಳಿಯ ಟೂರ್ನಿಯೊಂದರಲ್ಲಿ ಅವನ ಆಟ ನೋಡಿದವರೊಬ್ಬರು ಶಾಲೆ ಬಿಡಿಸಿ ಬೆಂಗಳೂರಿನ ಅಕಾಡೆಮಿಗೆ ಸೇರಿಸಿರೆಂದು ಒತ್ತಾಯಿಸುತ್ತಿದ್ದಾರೆ. ಮೂರು ಪಂದ್ಯಗಳ ಪೂರ್ತಿ ವಿಡಿಯೊ ಕಳುಹಿಸಿದ್ದೇನೆ. ಹುಡುಗನಲ್ಲಿ ನಿಜವಾಗಿಯೂ ಸತ್ವವಿದೆಯೇ?
— ಓದುಗರೊಬ್ಬರು, ಗದಗ

ಉತ್ತರ: ಹೆಚ್ಚಿನವರು ಗೋಲುಗಳನ್ನಷ್ಟೇ ಕತ್ತರಿಸಿ ಜೋಡಿಸಿದ ಎರಡು ನಿಮಿಷದ ತುಣುಕನ್ನು ಕಳುಹಿಸುತ್ತಾರೆ. ನೀವು ಪೂರ್ತಿ ಪಂದ್ಯಗಳನ್ನೇ ಕಳುಹಿಸಿದ್ದರಿಂದ, ಚೆಂಡು ಮೈದಾನದ ಬೇರೆಲ್ಲೋ ಇರುವಾಗ ಹುಡುಗ ಏನು ಮಾಡುತ್ತಿರುತ್ತಾನೆ ಎಂಬುದನ್ನು ನೋಡಲು ಸಾಧ್ಯವಾಯಿತು. ಸ್ಟ್ರೈಕರ್‌ನ ಬೆಲೆ ಬಹುಮಟ್ಟಿಗೆ ಆ ಹೊತ್ತಿನಲ್ಲಿಯೇ ತಿಳಿಯುತ್ತದೆ.

ಈ ಮೂರು ಪಂದ್ಯಗಳಲ್ಲಿ ಅವನು ಹೊಡೆದ ಐದು ಗೋಲುಗಳಲ್ಲಿ ಒಂದು ಪೆನಾಲ್ಟಿ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್ ಒಬ್ಬನೇ ಎದುರಿರುವ, 11 ಮೀಟರ್ ದೂರದ ಆ ಒದೆತ ಸುಮಾರು ನಾಲ್ಕಕ್ಕೆ ಮೂರು ಬಾರಿ ಗೋಲಾಗುತ್ತದೆ. ಆದ್ದರಿಂದ ನಿಮ್ಮ 22ರ ಲೆಕ್ಕದಿಂದ ಪೆನಾಲ್ಟಿಗಳನ್ನು ಬೇರೆ ತೆಗೆದಿಡಿ. ಇನ್ನು ಮೂರು ಗೋಲುಗಳ ಕಥೆ ಒಂದೇ: ಹಿಂದಿನಿಂದ ಉದ್ದಕ್ಕೆ ಬಂದ ಚೆಂಡು, ತಡೆಯಲು ನಿಂತ ಎದುರಾಳಿ ಡಿಫೆಂಡರ್‌ನನ್ನು ಹಿಂದೆ ಹಾಕಿದ ಓಟ, ಬಲಗಾಲಿನ ಬಿರುಸಾದ ಹೊಡೆತ. ನೋಡಲು ಸೊಗಸಾಗಿದೆ, ಆದರೆ ಆ ಡಿಫೆಂಡರ್ ನಿಮ್ಮ ಸೋದರಳಿಯನ ಭುಜದಷ್ಟೂ ಎತ್ತರವಿಲ್ಲ. ಗಂಡುಮಕ್ಕಳು ಸಾಮಾನ್ಯವಾಗಿ ಹದಿಮೂರು ಹದಿನಾಲ್ಕರ ಆಸುಪಾಸಿನಲ್ಲಿ ಒಂದೇ ವರ್ಷಕ್ಕೆ 8–10 ಸೆಂ.ಮೀ. ಬೆಳೆದುಬಿಡುತ್ತಾರೆ, ಕೆಲವರಿಗೆ ಈ ಬೆಳವಣಿಗೆ ಬೇಗ ಬರುತ್ತದೆ, ಕೆಲವರಿಗೆ ಎರಡು ವರ್ಷ ತಡವಾಗುತ್ತದೆ. ವಯೋಮಿತಿಯನ್ನು ಜನವರಿ 1ರಿಂದ ಎಣಿಸುವ ಟೂರ್ನಿಗಳಲ್ಲಿ ಜನವರಿಯಲ್ಲಿ ಹುಟ್ಟಿದ ಹುಡುಗನು ತನಗಿಂತ ಹನ್ನೊಂದು ತಿಂಗಳು ಚಿಕ್ಕವನ ಎದುರು ಆಡುವುದೂ ಉಂಟು. ಹಾಗಾಗಿ ಇಂದಿನ ವೇಗವು ಅವನ ಸ್ವಂತ ಆಸ್ತಿಯೋ, ಬೇಗ ಬೆಳೆದುದರಿಂದ ದೊರೆತ ಕೈಗಡವೋ ಎಂಬುದು ಉಳಿದ ಹುಡುಗರೂ ಬೆಳೆದ ಮೇಲಷ್ಟೇ ತಿಳಿಯುತ್ತದೆ. ಇದು ತಿರುವುಮುರುವಾಗಿಯೂ ನಡೆಯುತ್ತದೆ. ಇಂಗ್ಲೆಂಡಿನ ಜೇಮಿ ವಾರ್ಡಿಯನ್ನು ಅವರ ಕ್ಲಬ್ಬು ಗಿಡ್ಡನೆಂಬ ಕಾರಣಕ್ಕೆ ಹದಿನಾರನೆಯ ವಯಸ್ಸಿನಲ್ಲಿ ಕೈಬಿಟ್ಟಿತ್ತು. ಅದೇ ವಾರ್ಡಿ 2015–16ರಲ್ಲಿ ಲೆಸ್ಟರ್ ಸಿಟಿ ತಂಡ ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ಗೆದ್ದಾಗ 24 ಗೋಲು ಹೊಡೆದಿದ್ದರು.

ನನ್ನ ಮನಸ್ಸಿನಲ್ಲಿ ಉಳಿದದ್ದು ಐದನೆಯ ಗೋಲು. ಪ್ರಾಯಶಃ ನಿಮ್ಮವರು ಅದಕ್ಕೆ ಚಪ್ಪಾಳೆಯನ್ನೂ ತಟ್ಟಿರಲಿಕ್ಕಿಲ್ಲ, ಏಕೆಂದರೆ ಎರಡು ಹೆಜ್ಜೆ ದೂರದಿಂದ ಪಾದದ ಒಳಬದಿಯಲ್ಲಿ ತಳ್ಳಿದ ಗೋಲು ಅದು. ಬಲಬದಿಯಿಂದ ಕ್ರಾಸ್ (ಗೋಲಿನ ಮುಂದಕ್ಕೆ ಒದ್ದ ಚೆಂಡು) ಬರುವ ಮೊದಲು ಹುಡುಗ ಎರಡು ಬಾರಿ ಹಿಂದಿರುಗಿ ಡಿಫೆಂಡರ್ ಎಲ್ಲಿದ್ದಾನೆಂದು ನೋಡಿದ, ಗೋಲಿನ ದೂರದ ಕಂಬದ ಕಡೆಗೆ ಒಂದು ಹೆಜ್ಜೆ ಇಟ್ಟು ಅವನನ್ನು ಅತ್ತ ಎಳೆದ, ಚೆಂಡು ಜೊತೆಗಾರನ ಕಾಲು ಬಿಡುತ್ತಿದ್ದಂತೆಯೇ ಡಿಫೆಂಡರ್‌ನ ಮುಂದಿನಿಂದ ನುಗ್ಗಿ ಹತ್ತಿರದ ಕಂಬದ ಬಳಿ ಬಂದ. ಇಷ್ಟನ್ನು ಈ ವಯಸ್ಸಿನ ಹುಡುಗರಿಗೆ ಹೇಳಿಕೊಟ್ಟರೂ ಮಾಡಿಸುವುದು ಕಷ್ಟ. ಸುಮಾರು ಐದೂವರೆ ಅಡಿ ಎತ್ತರದ ಸುನಿಲ್ ಛೆಟ್ರಿ ಭಾರತಕ್ಕಾಗಿ 90ಕ್ಕೂ ಹೆಚ್ಚು ಗೋಲು ಹೊಡೆದದ್ದು, ಅದರಲ್ಲೂ ತಮಗಿಂತ ಎತ್ತರದವರ ನಡುವೆ ತಲೆಯಿಂದ ಗೋಲು ಹೊಡೆದದ್ದು, ಇಂತಹ ಅರ್ಧ ಹೆಜ್ಜೆಯ ಜಾಗವನ್ನು ಮೊದಲೇ ಕಂಡುಕೊಳ್ಳುವ ಜಾಣ್ಮೆಯಿಂದ. ಮೂರು ಪಂದ್ಯಗಳಲ್ಲಿ ನಿಮ್ಮ ಹುಡುಗ ಹೀಗೆ ಏಳು ಬಾರಿ ಓಡಿದ್ದಾನೆ. ಆರು ಬಾರಿ ಚೆಂಡೇ ಬರಲಿಲ್ಲ. ಅದು ಅವನ ತಪ್ಪಲ್ಲ. ಸತ್ವವಿದೆ ಎಂದು ನಾನು ಹೇಳುವುದು ಈ ಏಳು ಓಟಗಳ ಆಧಾರದಿಂದ.

ಕೊರತೆಗಳೂ ಇವೆ. ಚೆಂಡನ್ನು ನಿಲ್ಲಿಸುವಾಗ ಅದು ಕಾಲಿನಿಂದ ಗಜದಷ್ಟು ದೂರ ಸಿಡಿಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುವ ನಮ್ಮ ಎರೆ ಮಣ್ಣಿನ ಮೈದಾನಗಳಲ್ಲಿ ಚೆಂಡು ಹೇಗೆ ಪುಟಿಯುತ್ತದೆಂದು ನನಗೂ ಗೊತ್ತು, ಆದರೂ ಅದೇ ಮೈದಾನದಲ್ಲಿ ಅವನ ಜೊತೆಗಾರನೊಬ್ಬ ಚೆಂಡನ್ನು ಪಾದದ ಬಳಿಯೇ ಇಳಿಸುತ್ತಿದ್ದಾನೆ. ಎಡಗಾಲು ನಿಲ್ಲುವುದಕ್ಕೆ ಮಾತ್ರ ಎಂಬಂತಿದೆ. ಗೋಲಿಗೆ ಬೆನ್ನು ಮಾಡಿ ಚೆಂಡು ಪಡೆದು, ಮೈ ಅಡ್ಡ ಕೊಟ್ಟು ಕಾಪಾಡಿ, ಇನ್ನೊಬ್ಬನಿಗೆ ದಾಟಿಸುವ ಕೆಲಸಕ್ಕೆ ಅವನು ಒಮ್ಮೆಯೂ ಕೈಹಾಕಿಲ್ಲ. ಓಡಿಯೇ ಗೆಲ್ಲುವವನಿಗೆ ಅದರ ಅಗತ್ಯ ಬಿದ್ದಿರಲಾರದು.

ಆದ್ದರಿಂದ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಶಾಲೆ ಬಿಡಿಸಬೇಡಿ. ದಿನಕ್ಕೆ ಅರ್ಧ ಗಂಟೆ ಗೋಡೆಗೆ ಚೆಂಡು ಒದ್ದು, ಮರಳಿ ಬಂದದ್ದನ್ನು ಎರಡೂ ಕಾಲುಗಳಿಂದ ನಿಲ್ಲಿಸಲಿ. ಹುಬ್ಬಳ್ಳಿ ನಿಮ್ಮಿಂದ ಸುಮಾರು 60 ಕಿ.ಮೀ.; ಭಾನುವಾರಗಳಂದು ಅಲ್ಲಿಗೋ ಧಾರವಾಡಕ್ಕೋ ಕರೆದೊಯ್ದು, ತನಗಿಂತ ಎರಡು ಮೂರು ವರ್ಷ ದೊಡ್ಡವರಾದ ಕಾಲೇಜು ಹುಡುಗರೊಂದಿಗೆ ಆಡಿಸಿ. ಅವರ ಎದುರು ಗೋಲುಗಳು ಥಟ್ಟನೆ ಇಳಿಯುತ್ತವೆ, ಮನೆಯವರು ಗಾಬರಿಯಾಗಬಾರದು. ಬೆಳೆಯುವ ಈ ವಯಸ್ಸಿನಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ನೋವು ಎಂದರೆ ನೆಪವೆಂದು ತಳ್ಳಿಹಾಕದೆ, ಆಟ ತಗ್ಗಿಸಿ ವೈದ್ಯರಿಗೆ ತೋರಿಸಿ. ನಿಮ್ಮನ್ನು ಒತ್ತಾಯಿಸುತ್ತಿರುವವರು ಆಯ್ಕೆಗೆ ಮುಂಚೆಯೇ ಹಣ ಕೇಳಿದರೆ ಮಾತುಕತೆಯನ್ನು ಅಲ್ಲಿಗೇ ಮುಗಿಸಿ. ಕೇಳದಿದ್ದರೆ, ಅಲ್ಲಿ ಓದು, ಊಟ, ಗಾಯವಾದರೆ ಚಿಕಿತ್ಸೆ ಯಾರ ಹೊಣೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಮುಂದಿನ ವರ್ಷ ದೊಡ್ಡವರ ಎದುರು ಆಡಿದ ಎರಡು ಪಂದ್ಯಗಳ ವಿಡಿಯೊ ಕಳುಹಿಸಿ. ಅವನು ಒಂದೂ ಗೋಲು ಹೊಡೆಯದ ಪಂದ್ಯವಾದರೂ ಆದೀತು.