ಮೇ ತಿಂಗಳಲ್ಲಿ ಬಾವಿ, ಜನವರಿಯಲ್ಲಿ ಬಸ್ ಸ್ಟಾಪ್

ನೀವು ಕೇಳಿದ್ದು ಇಷ್ಟು: ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕಿದೆ, ಮುಂದಿನ ತಿಂಗಳು ಮಂಗಳೂರಿನಿಂದ ಕ್ಯಾಲ್ಗರಿಗೆ ಹೊರಡುತ್ತೀರಿ, ದೇರೆಬೈಲಿನ ಫ್ಲ್ಯಾಟ್ ಮಾರಿ ಇಲ್ಲಿ ಬಂದ ಕೂಡಲೇ ಮನೆ ತೆಗೆದುಕೊಳ್ಳಬಹುದಾ, ಬಾಡಿಗೆ ಸುಮ್ನೆ ದಂಡ ಅಲ್ವಾ ಅಂತ. ದಂಡ ಅಲ್ಲ ಮಾರಾಯ್ರೆ. ಒಂದು ಚಳಿಗಾಲ ಕಳೆಯುವವರೆಗೆ ದಯವಿಟ್ಟು ಏನೂ ತೆಗೆದುಕೊಳ್ಳಬೇಡಿ.

ನಾನು ಉಡುಪಿಯವನು. ಊರಲ್ಲಿ ಜಾಗ ನೋಡುವಾಗ ನಮ್ಮ ಅಪ್ಪ ಮೇ ತಿಂಗಳಲ್ಲಿ ಬಾವಿ ಇಣುಕುತ್ತಿದ್ದರು, ಮತ್ತೆ ಜುಲೈಯಲ್ಲಿ ಕೊಡೆ ಹಿಡಿದು ಅದೇ ಜಾಗಕ್ಕೆ ಹೋಗಿ ಅಂಗಳದಲ್ಲಿ ನೀರು ನಿಲ್ಲುತ್ತದಾ ಅಂತ ನೋಡುತ್ತಿದ್ದರು. ಕೊಟ್ಟಾರ ಚೌಕಿಯನ್ನು ಬೇಸಿಗೆಯಲ್ಲಿ ಮಾತ್ರ ನೋಡಿದವರಿಗೆ ಅಲ್ಲಿನ ಮಳೆಗಾಲ ಹೇಗೆ ಗೊತ್ತಾಗಬೇಕು? ಇಷ್ಟು ಕಂಡು ಬೆಳೆದವನು ನಾನು 2016ರ ಜೂನಿನಲ್ಲಿ ಬಂದು ಸೆಪ್ಟೆಂಬರಿಗೇ ಮನೆ ತೆಗೆದುಕೊಂಡೆ. ಈಶಾನ್ಯ ಭಾಗದ ಹೊಸ ಬಡಾವಣೆ, ರೈಲಿನ ಕೊನೆಯ ಸ್ಟೇಷನ್ ಸ್ಯಾಡಲ್‌ಟೌನ್‌ನಿಂದಲೂ ಆಚೆ. ಒಳ್ಳೆ ಬಿಸಿಲು, ಅಗಲ ರಸ್ತೆ, ಹೊಸ ಬಣ್ಣದ ವಾಸನೆ.

ಜನವರಿ ಬಂತು. ಮೈನಸ್ 28. ಬಸ್ ಸ್ಟಾಪಿಗೆ ಹದಿನೈದು ನಿಮಿಷ ನಡಿಗೆ, ಉಸಿರಿನ ಹಬೆ ರೆಪ್ಪೆ ಮೇಲೆ ಹೆಪ್ಪುಗಟ್ಟಿ ಕಣ್ಣು ಮುಚ್ಚಿದರೆ ಬಿಡಿಸುವುದೇ ಕಷ್ಟ. ಶಾಲೆ ಬರುತ್ತದೆ ಅಂದಿದ್ದ ಜಾಗದಲ್ಲಿ ಒಂದು ಬೋರ್ಡು, ಸುತ್ತ ಖಾಲಿ ಮೈದಾನ. ಮಗಳು ವರ್ಷಗಟ್ಟಲೆ ಹಳದಿ ಬಸ್ ಹತ್ತಿ ಬೇರೆ ಬಡಾವಣೆಯ ಶಾಲೆಗೆ ಹೋದಳು. 2020ರ ಜೂನ್ 13ರಂದು ಈ ಭಾಗಕ್ಕೇ ಆಲಿಕಲ್ಲು ಬಿತ್ತಲ್ಲ, ನಮ್ಮ ಮನೆಯ ಪಶ್ಚಿಮದ ಗೋಡೆಯ ವಿನೈಲ್ ಸೈಡಿಂಗ್, ಅಂದರೆ ಗೋಡೆಯ ಹೊರಗೆ ಹೊದಿಸುವ ಪ್ಲಾಸ್ಟಿಕ್ ಪಟ್ಟಿಗಳು, ಇಡ್ಲಿ ತಟ್ಟೆಯ ಹಾಗೆ ತೂತು ತೂತು. ಇನ್ಶೂರೆನ್ಸ್ ಇತ್ತು, ಆದರೂ ಮೊದಲ ದೊಡ್ಡ ಮೊತ್ತ ಕೈಯಿಂದಲೇ ಹೋಯಿತು. 2024ರ ಆಗಸ್ಟಿನಲ್ಲಿ ಮತ್ತೆ ಅದೇ ಕಥೆ.

ಹಾಗಾಗಿ ಮೊದಲು ಇಲ್ಲಿನ ನಗರ ರೈಲಿನ ರೆಡ್ ಲೈನ್ ಮಾರ್ಗದ ಹತ್ತಿರ, ಬ್ರೆಂಟ್‌ವುಡ್ ಅಥವಾ ಡಾಲ್‌ಹೌಸಿ ಕಡೆ ಒಂದು ವರ್ಷ ಬಾಡಿಗೆಗೆ ಇರಿ. ಮನಸ್ಸಿಗೆ ಬಂದ ಬಡಾವಣೆಗೆ ಜನವರಿಯಲ್ಲಿ ಬೆಳಗ್ಗೆ ಏಳಕ್ಕೆ ಹೋಗಿ ಬಸ್ಸಿಗೆ ಕಾಯಿರಿ. ಹಿಮ ಕರಗುವ ಏಪ್ರಿಲಿನಲ್ಲಿ ಬೇಸ್‌ಮೆಂಟಿಗೆ ಇಳಿದು ಮೂಲೆಗಳನ್ನು ಮುಟ್ಟಿ ನೋಡಿ, ತೇವ ಇದ್ದರೆ ಕೈಗೆ ಗೊತ್ತಾಗುತ್ತದೆ. ನದಿ ಹತ್ತಿರದ ಸನ್ನಿಸೈಡ್, ಮಿಷನ್ ಬಹಳ ಚೆಂದ, ಆದರೆ 2013ರ ಜೂನಿನಲ್ಲಿ ಬೋ ಮತ್ತು ಎಲ್ಬೋ ನದಿಗಳು ಉಕ್ಕಿ ಅಲ್ಲೆಲ್ಲ ನೀರು ನುಗ್ಗಿತ್ತು, ನೆರೆ ನಕ್ಷೆ ನೋಡದೆ ಮುಂದುವರಿಯಬೇಡಿ. ಮಕ್ಕಳಿಗೆ ಯಾವ ಶಾಲೆ ಸಿಗುತ್ತದೆ ಅಂತ ಮನೆ ಮಾರುವವರ ಬಳಿ ಕೇಳಬೇಡಿ, ಶಾಲಾ ಮಂಡಳಿಯಲ್ಲೇ ಕೇಳಿ. ಇನ್ನು ಸ್ವಂತ ಮನೆ ಅಂದರೆ ಹಿಮ ನಿಂತ 24 ಗಂಟೆಯೊಳಗೆ ಎದುರಿನ ಕಾಲುದಾರಿ ಗೋರುವ ಕೆಲಸವೂ ನಿಮ್ಮದೇ.

ಬೆಲೆ ಏರಿಬಿಟ್ಟರೆ ಅನ್ನುವ ಹೆದರಿಕೆ ನನಗೂ ಇತ್ತು. ಆದರೆ ಮನೆ ಹಿಡಿಸದೆ ಎರಡನೇ ವರ್ಷಕ್ಕೆ ಮಾರಿದರೆ ಏಜೆಂಟ್ ಕಮಿಷನ್, ವಕೀಲರ ಫೀಸು, ಅವಧಿಗೆ ಮುಂಚೆ ಸಾಲ ಮುರಿದದ್ದಕ್ಕೆ ಬ್ಯಾಂಕಿನ ದಂಡ, ಎಲ್ಲ ಸೇರಿ ಒಂದು ವರ್ಷದ ಬಾಡಿಗೆಗಿಂತ ಜಾಸ್ತಿಯೇ ಆಗಬಹುದು. ಮುಂಗಡ 20 ಶೇಕಡಾಕ್ಕಿಂತ ಕಡಿಮೆ ಕೊಟ್ಟಿದ್ದರೆ ಸಾಲದ ಇನ್ಶೂರೆನ್ಸಿಗೆ ಕಟ್ಟಿದ್ದು ಬೇರೆ.

ದೇರೆಬೈಲಿನ ಫ್ಲ್ಯಾಟಿಗೆ ಸದ್ಯ ಒಳ್ಳೆ ಬಾಡಿಗೆಯವರನ್ನು ಹುಡುಕಿ. ಇಲ್ಲಿಗೆ ಬರುವ ದಿನ ತಿಳಿಸಿ, ಮೊದಲ ಶನಿವಾರ ಊರಿನ ನಾಲ್ಕೂ ಭಾಗ ನಾನೇ ಕಾರಿನಲ್ಲಿ ಸುತ್ತಿಸುತ್ತೇನೆ. ಆ ಗೋಡೆಯ ಒಂದು ತುಂಡು ಸೈಡಿಂಗ್ ಇನ್ನೂ ಗ್ಯಾರೇಜಿನಲ್ಲಿ ಇಟ್ಟಿದ್ದೇನೆ, ನೋಡಿಕೊಂಡು ಹೋಗಿ.