ಜೋಡಿ ಸಿಕ್ಕರೆ ಸಾಲದು, ತಾಳವೂ ಕೂಡಬೇಕು

ಸೂಪರ್‌ಕಂಡಕ್ಟರ್‌ನಲ್ಲಿ, ಅಂದರೆ ಕರೆಂಟ್ ಅಡ್ಡಿಯೇ ಇಲ್ಲದೆ ಹರಿಯುವ ವಸ್ತುವಿನಲ್ಲಿ, ಎಲೆಕ್ಟ್ರಾನುಗಳು ಜೋಡಿಯಾಗಿರುತ್ತವೆ. ಹಾಗಿದ್ದರೆ ಜೋಡಿಯಾದ ಮೇಲೂ ವಸ್ತು ಇನ್ಸುಲೇಟರ್ (ಕರೆಂಟ್ ಹರಿಯಗೊಡದ್ದು) ಆಗಿಯೇ ಹೇಗೆ ಉಳಿಯುತ್ತದೆ ಅಂತ ಕೇಳಿದ್ದೀರಿ. ಸುಮಾರು ಜನ ಎಡವುವುದೇ ಇಲ್ಲಿ. ಕೋಲಾಟ ನೋಡಿದ್ದೀರಲ್ವಾ? ಎಲ್ಲರಿಗೂ ಜೋಡಿ ಸಿಕ್ಕಿದೆ, ಆದರೆ ಒಬ್ಬೊಬ್ಬರದು ಒಂದೊಂದು ತಾಳ ಅಂದರೆ ಆಟ ಮುಂದೆ ಸಾಗುವುದಿಲ್ಲ. ಸೂಪರ್‌ಕಂಡಕ್ಟರ್ ಕಥೆಯೂ ಅಷ್ಟೇ: ಜೋಡಿಗಳೆಲ್ಲ ಒಂದೇ ತಾಳಕ್ಕೆ ಸಾಗಿದರೆ ಮಾತ್ರ ಕರೆಂಟ್ ಅಡ್ಡಿಯಿಲ್ಲದೆ ಹರಿಯುತ್ತದೆ. ಸೀಸ, ಅಲ್ಯೂಮಿನಿಯಂನಂಥ ಲೋಹಗಳಲ್ಲಿ ಜೋಡಿ ಮತ್ತು ತಾಳ ಎರಡೂ ಒಟ್ಟಿಗೇ ಕೂಡಿಬರುತ್ತವೆ, ಅದಕ್ಕೇ ನಮಗೆ ಎರಡೂ ಒಂದೇ ಅನ್ನಿಸಿಬಿಡುತ್ತದೆ.

ತಾಮ್ರದ ಆಕ್ಸೈಡ್‌ಗಳಲ್ಲಿ ಹಾಗಲ್ಲ. 2024ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ನಿಯೋಡಿಮಿಯಂ, ಸೀರಿಯಂ ಬೆರೆತ ಅಂಥದ್ದೊಂದು ಆಕ್ಸೈಡ್ ಪರೀಕ್ಷಿಸಿದಾಗ ಸುಮಾರು 150 ಕೆಲ್ವಿನ್‌ವರೆಗೂ ಜೋಡಿಯ ಗುರುತು ಕಂಡಿತು, ಅದೂ ಹೆಚ್ಚು ಇನ್ಸುಲೇಟರ್ ಆಗಿದ್ದ ಸ್ಯಾಂಪಲ್‌ಗಳಲ್ಲೇ ಜಾಸ್ತಿ! ಅದೇ ವಸ್ತು ಸೂಪರ್‌ಕಂಡಕ್ಟರ್ ಆಗುವುದು ಮಾತ್ರ 25 ಕೆಲ್ವಿನ್ ಆಸುಪಾಸಿನಲ್ಲಿ. ಅಂದ ಹಾಗೆ, 150 ಕೆಲ್ವಿನ್ ಅಂದರೆ ಮೈನಸ್ 123 ಡಿಗ್ರಿ ಸೆಲ್ಸಿಯಸ್, ಸುಮ್ನೆ ‘ರೂಮ್ ಟೆಂಪರೇಚರ್‌ನಲ್ಲೇ ಕೆಲಸ ಮಾಡೋ ಸೂಪರ್‌ಕಂಡಕ್ಟರ್ ಬಂತು’ ಅಂತ ಕುಣಿಯಬೇಡಿ.